ಸೆಲ್ಮಾದ ಋಣ

ಅಮೆರಿಕದಲ್ಲಿ ಮನೆಮಠ ಮಾಡಿಕೊಂಡಿರುವ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ, 1965ನೇ ಇಸವಿಯ ಮೂರು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ 7: ಅಲಬಾಮಾದ ಸೆಲ್ಮಾ ಎಂಬ ಊರಿನಲ್ಲಿ, ಎಡ್ಮಂಡ್ ಪೆಟ್ಟಸ್ ಸೇತುವೆ ದಾಟಿ ಬಂದ ಕಪ್ಪು ಜನರ ಮೇಲೆ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳ ಸಮೇತ ಎರಗಿದರು. ಅವರು ಕೇಳಿದ್ದು ಮತ ಹಾಕುವ ಹಕ್ಕು, ಅಷ್ಟೇ. ಇಪ್ಪತ್ತೈದು ವರ್ಷದ ಜಾನ್ ಲೂಯಿಸ್‌ನ ತಲೆಬುರುಡೆ ಬಿರುಕು ಬಿಟ್ಟಿತು. ಆಗಸ್ಟ್ 6: ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಅಕ್ಟೋಬರ್ 3: ಅದೇ ಜಾನ್ಸನ್, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು, ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು.

ನೀವು ಅಲ್ಲಿರುವುದು ಈ ಮೂರನೆಯ ತಾರೀಖಿನ ಸಹಿಯ ದೆಸೆಯಿಂದ. ಅದಕ್ಕೆ ಮುಂಚೆ ಇಡೀ ಭಾರತಕ್ಕೆಂದು ಮೀಸಲಿದ್ದ ಪಾಲು ವರ್ಷಕ್ಕೆ ನೂರು ಜನರದು. ಆ ನೂರೂ 1946ರಲ್ಲಿ ಸಿಕ್ಕಿದ್ದು. ಅದರ ಹಿಂದಿನ ಮೂವತ್ತು ವರ್ಷ ಬಾಗಿಲು ಹೆಚ್ಚುಕಡಿಮೆ ಮುಚ್ಚೇ ಇತ್ತು. ಸುರತ್ಕಲ್ಲಿನಲ್ಲಿ, ದಾವಣಗೆರೆಯಲ್ಲಿ, ಮೈಸೂರಿನಲ್ಲಿ ಓದಿ ಹೊರಟ ಮಕ್ಕಳಿಗೆ ಪ್ರತಿಭೆ ಇತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವರ ಅಜ್ಜಂದಿರಿಗೂ ಪ್ರತಿಭೆ ಇತ್ತಲ್ಲ? ಅಜ್ಜನಿಗೆ ತೆರೆಯದ ಬಾಗಿಲು ಮೊಮ್ಮಗನಿಗೆ ತೆರೆದದ್ದು ಮೊಮ್ಮಗನ ಮಾರ್ಕ್ಸ್ ಕಾರ್ಡ್ ನೋಡಿ ಅಲ್ಲ.

ಮತದಾನದ್ದು, ವಲಸೆಯದ್ದು, ಎರಡೂ ಕಾಯ್ದೆಗಳು ಒಂದೇ ಸಂಸತ್ತಿನಲ್ಲಿ, ಎರಡು ತಿಂಗಳ ಅಂತರದಲ್ಲಿ ಹುಟ್ಟಿದವು. ಇಮ್ಯಾನುಯೆಲ್ ಸೆಲ್ಲರ್ ಎಂಬ ಬ್ರೂಕ್ಲಿನ್‌ನ ಸಂಸದರ ಜೀವನ ನೋಡಿದರೆ ಆ ನಂಟು ಕಾಣುತ್ತದೆ. 1923ರಲ್ಲಿ ಕೆಳಮನೆಗೆ ಬಂದವರು ಅವರು. ಮರುವರ್ಷವೇ, ಏಷ್ಯಾದವರನ್ನು ಹೊರಗಿಟ್ಟು ಯುರೋಪಿನವರಲ್ಲೂ ಮೇಲುಕೀಳು ಎಣಿಸಿದ ವಲಸೆ ಕಾನೂನು ಬಂತು, ವಿರೋಧಿಸಿದರು, ಸೋತರು. ನಲವತ್ತೊಂದು ವರ್ಷದ ಮೇಲೆ ಅದನ್ನು ಕಿತ್ತುಹಾಕಿದ ಮಸೂದೆಗೆ ಅವರದೇ ಹೆಸರು. ನಡುವೆ 1964ರ ನಾಗರಿಕ ಹಕ್ಕು ಕಾಯ್ದೆಯನ್ನು ಕೆಳಮನೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ದಡ ಮುಟ್ಟಿಸಿದವರೂ ಅವರೇ. ಹುಟ್ಟು ನೋಡಿ ಬಸ್ಸಿನಲ್ಲಿ ಜಾಗ ಕೊಡುವುದು ತಪ್ಪಾದರೆ ಹುಟ್ಟು ನೋಡಿ ವೀಸಾ ಕೊಡುವುದು ಹೇಗೆ ಸರಿಯಾದೀತು? ಈ ಪ್ರಶ್ನೆಯನ್ನು ವಾಷಿಂಗ್ಟನ್ ತಪ್ಪಿಸಿಕೊಳ್ಳಲಾಗದಂತೆ ಮಾಡಿದ್ದು ದಕ್ಷಿಣದ ಬೀದಿಗಳಲ್ಲಿ ಏಟು ತಿಂದ ಜನ. ಶೀತಲ ಸಮರದ ಕಾಲದಲ್ಲಿ ಜಗತ್ತಿನೆದುರು ಆಗುತ್ತಿದ್ದ ಮುಜುಗರವೂ ಸೇರಿಕೊಂಡಿತ್ತು, ನಿಜ. ಆದರೆ ಆ ಮುಜುಗರವನ್ನೂ ತಂದವರು ಅವರೇ.

ಇನ್ನು ನಮಗೆ ಕೇಳಲು ಹಿತವಲ್ಲದ ಕಥೆ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟವರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಎಂಬುದು ಆಗಿನ ಕಾನೂನು. ಥಿಂಡ್ ಬಿಳಿಯರ ಕಡೆಯ ಬಾಗಿಲು ತಟ್ಟಿದರು. ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ಮಂಡನೆಯಾದ ವಾದವನ್ನು ಇಂದು ಓದಿದರೆ ಮೈ ಮುದುಡುತ್ತದೆ: ಈತ ಮೇಲ್ಜಾತಿಯ ಆರ್ಯ, ಮದುವೆಯ ಮಾತು ಬಂದರೆ ಭಾರತದ ಮೇಲ್ಜಾತಿಯವನು ಅಲ್ಲಿನ ಮೂಲನಿವಾಸಿಯನ್ನು ಕಾಣುವುದೂ ಅಮೆರಿಕನ್ನನು ನೀಗ್ರೊನನ್ನು ಕಾಣುವುದೂ ಒಂದೇ ಬಗೆ. ನಾವೂ ನಿಮ್ಮಂತೆಯೇ ತುಳಿಯುವವರು, ಆದ್ದರಿಂದ ಒಳಗೆ ಬಿಟ್ಟುಕೊಳ್ಳಿ ಎಂದ ಹಾಗಾಯಿತು. 1923ರ ಫೆಬ್ರವರಿಯಲ್ಲಿ ಕೋರ್ಟು ಒಪ್ಪಲಿಲ್ಲ. ಪಂಡಿತರ ಜನಾಂಗಶಾಸ್ತ್ರ ಏನಾದರೂ ಹೇಳಲಿ, ಸಾಮಾನ್ಯ ಬಿಳಿಯನ ಕಣ್ಣಿಗೆ ಈತ ಬಿಳಿಯನಲ್ಲ ಎಂದಿತು. ಅದಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗೈ ಹಾಗೆ ಕಳೆದುಕೊಂಡವರಲ್ಲಿ ಒಬ್ಬರು. 1928ರಲ್ಲಿ ಪತ್ರಿಕೆಗೊಂದು ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು.

ಜಾತಿ ತೋರಿಸಿ ತಟ್ಟಿದ ಬಾಗಿಲು ತೆರೆಯಲಿಲ್ಲ. ಯಾರಿಂದ ತಾವು ದೂರ ಎಂದು ಆ ವಾದ ಹೇಳಿಕೊಂಡಿತ್ತೋ ಅವರೇ ನೂಕಿದಾಗ ತೆರೆಯಿತು.

ಅವರು ಎಷ್ಟು ಕಾಲ ನೂಕಿದರು ಎಂಬುದು ಗೊತ್ತಿರಬೇಕು. ಅಂತರ್ಯುದ್ಧ ಮುಗಿದ ಮೇಲೆ 1865, 1868, 1870ರಲ್ಲಿ ಮೂರು ತಿದ್ದುಪಡಿಗಳು ಬಂದವು: ಗುಲಾಮಗಿರಿ ಇಲ್ಲ, ಕಾನೂನಿನ ಸಮಾನ ರಕ್ಷಣೆ ಎಲ್ಲರಿಗೂ ಉಂಟು, ಬಣ್ಣ ನೋಡಿ ಮತ ತಡೆಯುವಂತಿಲ್ಲ. 1875ರಲ್ಲಿ ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದೆಂಬ ಕಾಯ್ದೆಯೂ ಬಂತು. 1883ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ತೀರ್ಪು ಬರೆದ ಜೋಸೆಫ್ ಬ್ರ್ಯಾಡ್ಲಿ, ಗುಲಾಮಗಿರಿಯಿಂದ ಹೊರಬಂದವನು ಒಂದಲ್ಲ ಒಂದು ಹಂತದಲ್ಲಿ ಕಾನೂನಿನ ಮುದ್ದಿನ ಮಗನಾಗಿರುವುದನ್ನು ಬಿಡಬೇಕು ಎಂಬರ್ಥದ ಮಾತು ಬರೆದರು. ಬೆನ್ನಿನ ಮೇಲಿನ ಚಾವಟಿ ನಿಂತು ಹದಿನೆಂಟೇ ವರ್ಷ! ನಮ್ಮ ಹಜಾರಗಳಲ್ಲಿ ಮೀಸಲಾತಿಯ ಮಾತು ಬಂದಾಗ ಕಾಫಿಯ ಜೊತೆ ಹರಿದಾಡುವ ಆ ವಾಕ್ಯಕ್ಕೆ, ಎಷ್ಟು ದಿನ ಕೊಡುತ್ತಾ ಇರಬೇಕು ಎಂಬುದಕ್ಕೆ, ಅಲ್ಲಿಯೂ ಇಷ್ಟು ವಯಸ್ಸಾಗಿದೆ.

1896ರಲ್ಲಿ ಲೂಯಿಸಿಯಾನಾದ ಹೋಮರ್ ಪ್ಲೆಸ್ಸಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು, ಪ್ರತ್ಯೇಕ ಆದರೆ ಸಮಾನ ಎಂಬ ಸುಳ್ಳಿಗೆ ಮುದ್ರೆ ಒತ್ತಿತು. ಎರಡೂ ತೀರ್ಪುಗಳಲ್ಲಿ ಒಂಟಿಯಾಗಿ ಭಿನ್ನಮತ ಬರೆದವರು ಕೆಂಟಕಿಯ ಜಾನ್ ಮಾರ್ಷಲ್ ಹಾರ್ಲನ್, ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದವರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೂ, ಕಪ್ಪು ಜನರ ಪರ ಅಷ್ಟು ದೊಡ್ಡ ಮಾತು ಬರೆದ ಅದೇ ಭಿನ್ನಮತದಲ್ಲಿ ಚೀನೀಯರ ಬಗ್ಗೆ ತಾತ್ಸಾರದ ಸಾಲುಗಳೂ ಇವೆ. ನ್ಯಾಯವಂತನಿಗೂ ಒಂದು ಮೂಲೆ ಕಾಣದೇ ಹೋಗುತ್ತದೆ. ನಮಗೆ ಕಾಣದ ಮೂಲೆ ಯಾವುದು ಎಂಬಲ್ಲಿಗೆ ಆಮೇಲೆ ಬರುತ್ತೇನೆ.

ಆ ಸುಳ್ಳನ್ನು ಕೆಡವಲು ಐವತ್ತೆಂಟು ವರ್ಷ ಹಿಡಿಯಿತು. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬ ಕಪ್ಪು ವಕೀಲರು ಹಾವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯನ್ನು ಯುದ್ಧದ ಶಿಬಿರದ ಹಾಗೆ ನಡೆಸಿದರು. ಥರ್ಗುಡ್ ಮಾರ್ಷಲ್ ಅಲ್ಲಿಂದ ಬಂದ ಶಿಷ್ಯ. ದಕ್ಷಿಣದ ಕಪ್ಪು ಮಕ್ಕಳ ಶಾಲೆಗಳ ಗತಿಯನ್ನು ಹ್ಯೂಸ್ಟನ್ ಕ್ಯಾಮೆರಾ ಹೊತ್ತು ಚಿತ್ರೀಕರಿಸಿದರು, ಒಂದೊಂದೇ ಮೊಕದ್ದಮೆ ಹೂಡಿ ಗೋಡೆಯ ಒಂದೊಂದೇ ಇಟ್ಟಿಗೆ ಕಿತ್ತರು. ಓಕ್ಲಹೋಮ ವಿಶ್ವವಿದ್ಯಾಲಯ ಜಾರ್ಜ್ ಮೆಕ್‌ಲಾರಿನ್ ಎಂಬ ಹಿರಿಯ ವಯಸ್ಸಿನ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು. ಆದರೆ ತರಗತಿಯ ಪಕ್ಕದ ಕೋಣೆಯಲ್ಲಿ ಕೂರಿಸಿತು, ಗ್ರಂಥಾಲಯದಲ್ಲಿ ಬೇರೆ ಮೇಜು, ಊಟಕ್ಕೆ ಬೇರೆ ಮೇಜು ಕೊಟ್ಟಿತು. ಶಾಲೆಯ ಜಗಲಿಯಲ್ಲಿ ಕೂತು ಪಾಠ ಕೇಳಿದವರ, ಹೋಟೆಲಿನಲ್ಲಿ ಬೇರೆ ಲೋಟ ಹಿಡಿದವರ ನಾಡಿನಿಂದ ಹೋದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1950ರಲ್ಲಿ ಕೋರ್ಟು ಅದನ್ನು ತಪ್ಪೆಂದಿತು. ಅದೇ ವರ್ಷ ಹ್ಯೂಸ್ಟನ್ ತೀರಿಕೊಂಡರು. ಶಾಲೆಗಳಲ್ಲಿ ಆ ಸುಳ್ಳನ್ನು ಕೆಡವಿದ 1954ರ ಬ್ರೌನ್ ತೀರ್ಪನ್ನು ನೋಡಲಿಲ್ಲ.

ಬ್ರೌನ್ ಎಂದರೆ ಐದು ಮೊಕದ್ದಮೆಗಳ ಒಂದು ಕಟ್ಟು. ಅದರಲ್ಲಿ ವರ್ಜೀನಿಯಾದ ಫಾರ್ಮ್‌ವಿಲ್‌ನದು ಒಬ್ಬ ಹುಡುಗಿಯಿಂದ ಶುರುವಾಯಿತು. ಬಾರ್ಬರಾ ಜಾನ್ಸ್‌ಗೆ ಆಗ ಹದಿನಾರು. ಅವಳ ಶಾಲೆಯಲ್ಲಿ ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. 1951ರ ಏಪ್ರಿಲ್ 23ರಂದು ಸುಳ್ಳು ಫೋನ್ ಮಾಡಿಸಿ ಮುಖ್ಯೋಪಾಧ್ಯಾಯರನ್ನು ಪೇಟೆಗೆ ಕಳಿಸಿ, ಅವರ ಹೆಸರಿನಲ್ಲೇ ಚೀಟಿ ಹಂಚಿ ಇಡೀ ಶಾಲೆಯನ್ನು ಸಭಾಂಗಣಕ್ಕೆ ಕರೆಸಿ, ಮುಷ್ಕರಕ್ಕೆ ಎಬ್ಬಿಸಿದಳು. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ವಕೀಲರು ಬಂದು, ಕಟ್ಟಡಕ್ಕಾದರೆ ನಾವು ಬರುವುದಿಲ್ಲ, ಬೇರೆ ಶಾಲೆ ಎಂಬ ಪದ್ಧತಿಯೇ ಹೋಗಬೇಕು ಅನ್ನುವುದಾದರೆ ಬರುತ್ತೇವೆ ಎಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. ಅದಕ್ಕೆ ತೆತ್ತ ಬೆಲೆ? ಗೆದ್ದ ಮೇಲೂ ಆ ಕೌಂಟಿ ಜೊತೆಯಲ್ಲಿ ಕೂರಿಸಿ ಓದಿಸುವ ಬದಲು 1959ರಲ್ಲಿ ತನ್ನೆಲ್ಲ ಸರ್ಕಾರಿ ಶಾಲೆಗಳನ್ನೇ ಮುಚ್ಚಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಸಾವಿರಕ್ಕೂ ಹೆಚ್ಚು ಕಪ್ಪು ಮಕ್ಕಳು ಐದು ವರ್ಷ ಶಾಲೆಯಿಲ್ಲದೆ ಬೆಳೆದರು. ಕೋರ್ಟಿನಲ್ಲಿ ಗೆದ್ದದ್ದು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಒಂದು ತಲೆಮಾರಿನ ಅಕ್ಷರವೇ ಹೋಗಿರುತ್ತದೆ. ನಿಧಾನವಾಗಿ ಬದಲಾಗಲಿ ಬಿಡಿ ಎನ್ನುವವರಿಗೆ ಫಾರ್ಮ್‌ವಿಲ್‌ನ ಆ ಐದು ವರ್ಷಗಳನ್ನು ತೋರಿಸಬೇಕು.

1964ರ ನಾಗರಿಕ ಹಕ್ಕು ಕಾಯ್ದೆ ನಿಮಗೆ ನೇರವಾಗಿ ಸಂಬಂಧಿಸಿದ್ದು. ಆಫೀಸಿನಲ್ಲಿ ನಿಮ್ಮ ಉಚ್ಚಾರಣೆಗೆ ನಕ್ಕು ಬಡ್ತಿ ತಪ್ಪಿಸಿದರೆ ನೀವು ದೂರು ಕೊಡುವುದು ಅದರ ಏಳನೆಯ ಅಧ್ಯಾಯದ ಅಡಿ. ಹೋಟೆಲಿನವನು ನಿಮ್ಮ ಮೈಬಣ್ಣ ನೋಡಿ ಕೋಣೆ ಖಾಲಿ ಇಲ್ಲ ಅನ್ನದಂತೆ ತಡೆಯುವುದು ಎರಡನೆಯದು. ಅಕ್ಕಂದಿರೇ, ಹೆಣ್ಣೆಂಬ ಕಾರಣಕ್ಕೆ ಕೆಲಸ ನಿರಾಕರಿಸಬಾರದು ಎಂಬುದನ್ನು ಆ ಮಸೂದೆಗೆ ಸೇರಿಸಿದವರು ವರ್ಜೀನಿಯಾದ ಹಾವರ್ಡ್ ಸ್ಮಿತ್, ಮಸೂದೆಯ ಕಡು ವಿರೋಧಿ! ಇತಿಹಾಸಕ್ಕೆ ಇಂಥ ತಮಾಷೆಗಳೂ ಗೊತ್ತು. ಸೆನೆಟ್ಟಿನಲ್ಲಿ ದಕ್ಷಿಣದ ಸದಸ್ಯರು ಮಾತಾಡುತ್ತಲೇ ಇದ್ದು ವಾರಗಟ್ಟಲೆ ಅದನ್ನು ಉಸಿರುಗಟ್ಟಿಸಿದರು. ಕೊನೆಗೆ ಜೂನ್ 10ರಂದು ಚರ್ಚೆ ಮುಗಿಸುವ ಮತ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್‌ಗೆ ಮೆದುಳಿನಲ್ಲಿ ಗೆಡ್ಡೆ, ಮಾತು ಬಿದ್ದುಹೋಗಿತ್ತು. ಗಾಲಿಕುರ್ಚಿಯಲ್ಲಿ ತಂದು ಕೂರಿಸಿದ್ದರು. ಹೆಸರು ಕೂಗಿದಾಗ ನಾಲಿಗೆ ಹೊರಳಲಿಲ್ಲ. ಕೈಯನ್ನು ಕಷ್ಟಪಟ್ಟು ಎತ್ತಿ ಕಣ್ಣು ತೋರಿಸಿದರು. ಅವರ ಭಾಷೆಯಲ್ಲಿ ಒಪ್ಪಿಗೆಗೂ ಕಣ್ಣಿಗೂ ಒಂದೇ ಉಚ್ಚಾರ. 71ಕ್ಕೆ 29, ಕಟ್ಟು ಒಡೆಯಿತು. ಮುಂದಿನ ತಿಂಗಳು ಎಂಗಲ್ ತೀರಿಕೊಂಡರು.

ಇನ್ನು ಮತದ ಹಕ್ಕಿಗಾಗಿ ಬೆಲೆ ತೆತ್ತವರಲ್ಲಿ ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಒಬ್ಬರು. ಇಪ್ಪತ್ತು ಮಕ್ಕಳಲ್ಲಿ ಕಡೆಯವರು, ಹತ್ತಿ ತೋಟದ ಆಳು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಾಗ, ರಾಜ್ಯದ ಸಂವಿಧಾನದ ಒಂದು ಕಲಮನ್ನು ವಿವರಿಸು ಎಂದರು. ಹತ್ತಿ ಬಿಡಿಸಲು ಆರನೆಯ ವಯಸ್ಸಿಗೇ ಹೊಲಕ್ಕಿಳಿದವರಿಗೆ ಕಾನೂನು ಪಂಡಿತರ ಪ್ರಶ್ನೆ! ಫೇಲು ಮಾಡಿದರು. ಅಂದೇ ರಾತ್ರಿ ತೋಟದ ಮಾಲೀಕ ಮನೆಯಿಂದ ಹೊರಹಾಕಿದ. ಮರುವರ್ಷ ವಿನೋನಾ ಊರಿನ ಜೈಲಿನಲ್ಲಿ ಪೊಲೀಸರು ಇಬ್ಬರು ಕಪ್ಪು ಕೈದಿಗಳ ಕೈಯಿಂದಲೇ ಅವರನ್ನು ಹೊಡೆಸಿದರು. ಆ ಏಟು ಕೊನೆಯವರೆಗೂ ಮೈಯಲ್ಲಿ ಉಳಿಯಿತು. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಸಮಿತಿಯೆದುರು, ಟಿವಿ ಕ್ಯಾಮೆರಾಗಳೆದುರು, ಇದೆಲ್ಲವನ್ನೂ ಹೇಳಿದರು. ಪರದೆಯಿಂದ ಅವರನ್ನು ಸರಿಸಲು ಜಾನ್ಸನ್ ತರಾತುರಿಯಲ್ಲಿ ಪತ್ರಕರ್ತರನ್ನು ಕರೆದು ಮಾತಿಗೆ ನಿಂತರು. ಹೌದು, ಸಹಿ ಹಾಕಿದ ಅದೇ ಜಾನ್ಸನ್. ಆ ರಾತ್ರಿ ಟಿವಿಗಳು ಹೇಮರ್ ಮಾತನ್ನು ಮತ್ತೆ ತೋರಿಸಿದವು.

ವಯೊಲಾ ಲಿಯುಜ್ಜೊ ಅವರನ್ನು ಮಾತ್ರ ನೀವು ಮರೆಯಬಾರದು. ಡೆಟ್ರಾಯಿಟ್‌ನ ಬಿಳಿಯ ಗೃಹಿಣಿ, ಐದು ಮಕ್ಕಳ ತಾಯಿ. ಅವರ ಮತದ ಹಕ್ಕನ್ನು ಯಾರೂ ಕಸಿದಿರಲಿಲ್ಲ. ಸೆಲ್ಮಾದ ದೃಶ್ಯ ಟಿವಿಯಲ್ಲಿ ನೋಡಿ ಕಾರು ಓಡಿಸಿಕೊಂಡು ಹೋದರು. ಮೆರವಣಿಗೆಯವರನ್ನು ಕರೆದೊಯ್ಯುವ ಕೆಲಸದಲ್ಲಿದ್ದಾಗ, ಮಾರ್ಚ್ 25ರ ರಾತ್ರಿ, ಕು ಕ್ಲಕ್ಸ್ ಕ್ಲಾನಿನವರು ಗುಂಡಿಟ್ಟು ಕೊಂದರು.

ಇಷ್ಟೆಲ್ಲ ಆಗಿ ಬಂದ ಮತದಾನ ಕಾಯ್ದೆಯ ಜೀವ ಅದರ ಐದನೆಯ ಕಲಮಿನಲ್ಲಿತ್ತು. ಭೇದಭಾವದ ಚರಿತ್ರೆಯಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ಮಿಸಿಸಿಪ್ಪಿಯಲ್ಲಿ ಶೇ. 7ರ ಆಸುಪಾಸಿನಲ್ಲಿದ್ದ ಕಪ್ಪು ಮತದಾರರ ನೋಂದಣಿ ಎರಡೇ ವರ್ಷದಲ್ಲಿ ಶೇ. 60ರ ಹತ್ತಿರ ಬಂತು. 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಾವ ರಾಜ್ಯಕ್ಕೆ ಇದು ಅನ್ವಯ ಎಂದು ತೀರ್ಮಾನಿಸುವ ಸೂತ್ರವನ್ನೇ ಐದಕ್ಕೆ ನಾಲ್ಕು ಮತದಿಂದ ರದ್ದು ಮಾಡಿತು. ಕಾಲ ಬದಲಾಗಿದೆ ಎಂಬುದು ಕಾರಣ. ಅಂದೇ, ಗಂಟೆಗಳೊಳಗೆ, ತಡೆಹಿಡಿದಿದ್ದ ತನ್ನ ಗುರುತಿನ ಚೀಟಿ ಕಾನೂನು ಜಾರಿಗೆ ಬರುತ್ತದೆಂದು ಟೆಕ್ಸಾಸ್ ಸಾರಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿರುವ ಕನ್ನಡಿಗರೇ, ಅದು ನಿಮ್ಮ ರಾಜ್ಯ. ಸೆಲ್ಮಾದಲ್ಲಿ ಏಟು ತಿಂದ ಜಾನ್ ಲೂಯಿಸ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಆ ರಕ್ಷಣೆಯನ್ನು ಮರಳಿ ತರುವ ಮಸೂದೆ 2021ರಲ್ಲಿ ಕೆಳಮನೆ ದಾಟಿ ಸೆನೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿತು.

ಈಗ ನಮ್ಮ ಕುರುಡು ಮೂಲೆಗೆ ಬರೋಣ. 1964ರ ಕಾಯ್ದೆಯ ಏಳನೆಯ ಅಧ್ಯಾಯದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ ಇವೆ. ಜಾತಿ ಎಂಬ ಪದ ಇಲ್ಲ. ಬರೆದವರಿಗೆ ಅದರ ಅಗತ್ಯ ಗೊತ್ತಿರಲಿಲ್ಲ. ಹೊತ್ತು ತಂದವರು ನಾವು. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ, ದಲಿತ ಎಂಜಿನಿಯರೊಬ್ಬರಿಗೆ ಮೇಲ್ಜಾತಿಯ ಮೇಲಧಿಕಾರಿಗಳಿಂದ ಅನ್ಯಾಯವಾಯಿತೆಂದು ಒಂದು ದೊಡ್ಡ ಕಂಪನಿಯ ಮೇಲೆ ದಾವೆ ಹೂಡಿತು. 2023ರಲ್ಲಿ ಇಬ್ಬರು ಮೇಲಧಿಕಾರಿಗಳ ಮೇಲಿನ ಭಾಗವನ್ನು ಸರ್ಕಾರವೇ ಕೈಬಿಟ್ಟಿತು, ಅದನ್ನೂ ಹೇಳಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ ಸಿಯಾಟಲ್ ಜಾತಿಭೇದವನ್ನು ನಿಷೇಧಿಸಿದ ಮೊದಲ ಅಮೆರಿಕನ್ ನಗರವಾಯಿತು. ಆ ನಿಷೇಧ ತಂದವರು ಆಗ ಅಲ್ಲಿನ ನಗರಸಭಾ ಸದಸ್ಯೆಯಾಗಿದ್ದ ಕ್ಷಮಾ ಸಾವಂತ್, ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಯನ್ನು ಅಕ್ಟೋಬರಿನಲ್ಲಿ ರಾಜ್ಯಪಾಲರು ತಡೆದರು; ಇರುವ ಕಾನೂನಿನಲ್ಲೇ ಇದು ಅಡಕವಾಗಿದೆ ಎಂದರು. ವಿರೋಧದಲ್ಲಿ ಮುಂದೆ ನಿಂತದ್ದು ನಮ್ಮವರ ಸಂಘಟನೆಗಳು.

ವಿರೋಧಿಸುವವರ ಭಯವೆಲ್ಲ ಪೊಳ್ಳೆಂದು ನಾನು ಹೇಳುವುದಿಲ್ಲ. ಕಂದು ಮೈಬಣ್ಣದವರನ್ನೆಲ್ಲ ಅನುಮಾನದಿಂದ ನೋಡುವಂತಾದರೆ, ಒಂದೇ ಸಮುದಾಯಕ್ಕೆ ಬೆರಳು ತೋರಿದಂತಾದರೆ ಎಂಬ ಆತಂಕ ಹೊರನಾಡಿನಲ್ಲಿ ಬಾಳುವವರಿಗೆ ಸಹಜ. ಆದರೆ ಜಾತಿ ನೋಡಬೇಡ ಎನ್ನುವ ಕಾನೂನು ಜಾತಿ ನೋಡದವನನ್ನು ಏನೂ ಮಾಡದು. ಇರುವ ಕಾನೂನೇ ಸಾಕು, ಇಲ್ಲಿ ಅಂಥದ್ದೇನೂ ನಡೆಯುತ್ತಿಲ್ಲ, ನಮ್ಮ ಜನರಿಗೆ ಕೆಟ್ಟ ಹೆಸರು ತರಬೇಡಿ: ಈ ಮೂರೂ ಮಾತನ್ನು ಅಲಬಾಮಾದ, ಮಿಸಿಸಿಪ್ಪಿಯ ಬಿಳಿಯರು ಆಡಿದ್ದರು. ನಮಗೆ ಕಾಣಲಿಲ್ಲ ಎಂಬುದು ಸಾಕ್ಷಿಯೇ? ಹೊಸದಾಗಿ ಬಂದವರ ಬೆನ್ನು ಸವರಿ ಜನಿವಾರ ಹುಡುಕುವ ಕೈ, ಅಡ್ಡಹೆಸರು ಕೇಳಿ ಸಾಲದೆ ಊರು, ಮನೆದೇವರು, ಮಾಂಸ ತಿನ್ನುತ್ತೀರಾ ಎಂದು ಒಂದೊಂದೇ ಎಳೆ ಬಿಚ್ಚುವ ಕುಶಲಪ್ರಶ್ನೆ, ಇವು ಕೇಳುವವನಿಗೆ ಕಾಣುವುದಿಲ್ಲ. ಉತ್ತರ ಹೇಳಬೇಕಾದವನಿಗೆ ಕಾಣುತ್ತವೆ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದ್ದರು. ಆ ಇಬ್ಬರಿಗೆ ಕಂಡ ಸಂಬಂಧ ನಮಗೇಕೆ ಕಾಣಬಾರದು? ಕನ್ನಡ ಕೂಟಗಳಲ್ಲಿ ಪ್ರತಿ ವರ್ಷ ಬಸವ ಜಯಂತಿ ಮಾಡುತ್ತೀರಿ, ಮಕ್ಕಳ ಬಾಯಲ್ಲಿ ವಚನ ಹೇಳಿಸುತ್ತೀರಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಹೆತ್ತವರು ಎಳೆಹೂಟೆಯ ಶಿಕ್ಷೆ ಉಂಡ ಕಲ್ಯಾಣದ ಕಥೆಯನ್ನೂ ಆ ಮಕ್ಕಳಿಗೆ ಹೇಳಿ. ಕಪ್ಪು-ಬಿಳಿ ಮದುವೆಯನ್ನು ಹದಿನಾರು ರಾಜ್ಯಗಳು ಅಪರಾಧವೆಂದಿದ್ದ ಅಮೆರಿಕದಲ್ಲಿ, 1967ರಲ್ಲಿ ಲವಿಂಗ್ ದಂಪತಿ ಗೆದ್ದ ಮೊಕದ್ದಮೆಯ ಕಥೆಯನ್ನು ಅದರ ಪಕ್ಕದಲ್ಲೇ ಹೇಳಿ. ಮಗಳು ತನಗೆ ಬೇಕಾದವನನ್ನು ಮನೆಗೆ ಕರೆತಂದ ದಿನ ನಿಮ್ಮ ಬಾಯಲ್ಲಿ ಯಾವ ಕಥೆ ಬರುತ್ತದೆ?

ಋಣ ತೀರಿಸುವುದು ಭಾಷಣದಿಂದ ಆಗದು. ಪೌರತ್ವ ಪಡೆದವರು ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿಕೊಳ್ಳಿ, ಅಧ್ಯಕ್ಷರ ಚುನಾವಣೆಗೆ ಮಾತ್ರವಲ್ಲ, ಶಾಲಾ ಮಂಡಳಿಯ ಸಣ್ಣ ಚುನಾವಣೆಗೂ ಹೋಗಿ. ಬಾರ್ಬರಾ ಜಾನ್ಸ್ ಕಥೆ ಪಠ್ಯದಲ್ಲಿ ಇರಬೇಕೇ ಬೇಡವೇ ಎಂಬುದು ಅಲ್ಲಿಯೂ ತೀರ್ಮಾನವಾಗುತ್ತದೆ. ಮತಗಟ್ಟೆಯಲ್ಲಿ ಕೆಲಸ ಮಾಡಲು ಹೆಸರು ಕೊಡಿ. ಪಕ್ಕದ ಬಡಾವಣೆಯ ಕಪ್ಪು ಮತದಾರರು ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲುವಂತಾದರೆ ಅದು ಅವರ ಪಾಡು ಎನ್ನಬೇಡಿ. ನಿಮ್ಮ ಸೆನೆಟರಿಗೆ ಫೋನ್ ಮಾಡಿ ಲೂಯಿಸ್ ಹೆಸರಿನ ಮಸೂದೆ ಏನಾಯಿತೆಂದು ಕೇಳಿ. ನಿಮ್ಮ ಕೂಟದ ನಿಯಮಾವಳಿಯಲ್ಲಿ ಜಾತಿಭೇದ ಸಲ್ಲದು ಎಂಬ ಒಂದು ಸಾಲು ಮುಂದಿನ ಸರ್ವಸದಸ್ಯರ ಸಭೆಯಲ್ಲೇ ಸೇರಲಿ. ಕಂಪನಿಯ ಎಚ್‌ಆರ್ ವಿಭಾಗಕ್ಕೂ ಅದೇ ಕೋರಿಕೆ ಹೋಗಲಿ, ಬರೆದ ಪತ್ರಕ್ಕೆ ದಲಿತ ಸಹೋದ್ಯೋಗಿ ಒಬ್ಬನೇ ಸಹಿ ಹಾಕುವಂತೆ ಮಾಡಬೇಡಿ.

ಜಾತಿಯ ಮಸೂದೆ ಇನ್ನೊಂದು ನಗರಸಭೆಗೆ, ಇನ್ನೊಂದು ಶಾಸನಸಭೆಗೆ ಬಂದೇ ಬರುತ್ತದೆ. ಅಹವಾಲು ಕೇಳುವ ದಿನ ರಜೆ ಹಾಕಿ ಹೋಗಿ. ಮೈಕಿನ ಮುಂದೆ ನಿಮಗೆ ಸಿಗುವುದು ಒಂದೋ ಎರಡೋ ನಿಮಿಷ. ಹೆಸರು ಹೇಳಿ, ಕರ್ನಾಟಕದ ಯಾವ ಊರಿನವರೆಂದು ಹೇಳಿ, ಈ ಕಾನೂನು ಬೇಕು ಎನ್ನಿ. ಮೇಲ್ಜಾತಿಯಲ್ಲಿ ಹುಟ್ಟಿದವರಾದರೆ ಅದನ್ನೂ ಮುಚ್ಚಿಡದೆ ಹೇಳಿ; ಎದುರು ಸಾಲಿನಲ್ಲಿ ಕೂತ ನಮ್ಮವರಿಗೆ ಆ ಮಾತು ನಿಮ್ಮಿಂದಲೇ ಕೇಳಬೇಕಾಗಿದೆ.